ಮೂರನೇ ಬಡಿತಕ್ಕೆ ಮುರಿದ ನೋಸ್ ವೀಲ್: ಲ್ಯಾಂಡಿಂಗ್ ಅಭ್ಯಾಸದ ಒಂದು ಪ್ರಕರಣ ಅಧ್ಯಯನ

ರನ್‌ವೇಯ ನಡುಗೆರೆಗೆ ತುಸು ಎಡಕ್ಕೆ, ಡಾಂಬರಿನ ಮೇಲೆ ಐದು ಗೀರು. ಒಂದೊಂದೂ ಗೇಣುದ್ದ, ಕುಡುಗೋಲಿನ ತುದಿಯಿಂದ ಎಳೆದ ಹಾಗೆ ಓರೆ. ಗೀರಿನಿಂದ ಗೀರಿಗೆ 82 ಸೆಂಟಿಮೀಟರ್. ಐದನೆಯದರ ಆಚೆ ಅಗಲವಾದ ಕೆರೆತ ಶುರುವಾಗುತ್ತದೆ, 60 ಮೀಟರ್ ಸಾಗಿ ಎಡ ಅಂಚಿನ ಕೆಮ್ಮಣ್ಣಿಗೆ ಇಳಿಯುತ್ತದೆ. ಅದರ ತುದಿಯಲ್ಲಿ ಸೆಸ್ನಾ 172ಎಸ್ ಎಂಬ ಸಣ್ಣ ವಿಮಾನ, ಮೂಗು ನೆಲಕ್ಕೂರಿ ಬಾಲ ಎತ್ತಿ ನಿಂತಿದೆ. ಒಳಗಿದ್ದವಳು ಒಬ್ಬಳೇ, ಮೂರನೇ ಸೋಲೋ ಹಾರಾಟದ ವಿದ್ಯಾರ್ಥಿನಿ. ತಾನೇ ಬಾಗಿಲು ತೆಗೆದು ಇಳಿದಿದ್ದಾಳೆ. ಎಡ ಭುಜದ ಮೇಲೆ ಬೆಲ್ಟಿನ ಬಾಸುಂಡೆ ಬಿಟ್ಟರೆ ಬೇರೆ ಗಾಯವಿಲ್ಲ.

ಇದು ಕಲಿಕೆಗೆಂದು ಹೆಣೆದ ಪ್ರಕರಣ. ಸಣ್ಣ ವಿಮಾನಗಳ ಲ್ಯಾಂಡಿಂಗ್ ಅಭ್ಯಾಸದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದೇ ಹಾರಾಟದಲ್ಲಿ ಕೂಡಿಸಿದೆ. ಹಾಸನದಲ್ಲಿ ಈಗ ಹಾರಾಟ ಶಾಲೆಯಿಲ್ಲ. ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಊರಿನಲ್ಲಿ ದಶಕಗಳಿಂದ ಇದೆ. ಆದರೂ ರನ್‌ವೇಯನ್ನು ಹಾಸನದ ಎತ್ತರದಲ್ಲಿ, ಹಾಸನದ ಏಪ್ರಿಲ್ ಬಿಸಿಲಿನಲ್ಲಿ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಅರಕಲಗೂಡು, ಬೇಲೂರು, ಚಿಕ್ಕಮಗಳೂರು ಕಡೆಯಿಂದ ಪೈಲಟ್ ಆಗಲು ಹೊರಟವರು ಹಾರಲು ಕಲಿಯುವ, ಬೆಂಗಳೂರಿನ ಜಕ್ಕೂರಿನಂಥ ಜಾಗಗಳೂ ಹೆಚ್ಚುಕಡಿಮೆ ಇದೇ ಎತ್ತರದವು. ಕೈಪಿಡಿಯ ಮೊದಲ ಸಾಲಿನಲ್ಲಿರುವ ಸಮುದ್ರಮಟ್ಟದ ಅಂಕಿಗಳನ್ನು ಬಾಯಿಪಾಠ ಮಾಡಿ ಇಲ್ಲಿ ಇಳಿಸಲು ಹೋದವರಿಗೆ ಏನಾಗುತ್ತದೆ ಎಂಬುದು ಈ ಪ್ರಕರಣದ ಅರ್ಧ ಭಾಗ. ಇನ್ನರ್ಧ ಗೋ ಅರೌಂಡ್‌ನದು, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇಳುವುದರದು.

ಆ ದಿನದ ಹವೆ, ಆ ದಿನದ ಲೆಕ್ಕ

ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಅಂದರೆ 3,100 ಅಡಿಯ ಆಸುಪಾಸು. ಹಾರಾಟಕ್ಕೆ ಬೆಳಗಿನ ಸರದಿ ನಿಗದಿಯಾಗಿತ್ತು. ಟೈರ್ ಬದಲಿಸುವ ಕೆಲಸ ಬಿದ್ದು ಅದು ಮಧ್ಯಾಹ್ನ ಎರಡೂವರೆಗೆ ಜಾರಿತು. ಉಷ್ಣಾಂಶ 33 ಡಿಗ್ರಿ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ವ್ಯತ್ಯಾಸ 24, ಡಿಗ್ರಿಗೆ 120 ಅಡಿಯಂತೆ 2,880 ಅಡಿ. ಇದನ್ನು 3,100ಕ್ಕೆ ಕೂಡಿಸಿದರೆ ಸಾಂದ್ರತಾ ಎತ್ತರ, ಅಂದರೆ ಗಾಳಿಯ ತೆಳುವಿಗೆ ತಕ್ಕ ಎತ್ತರ, ಸುಮಾರು 6,000 ಅಡಿ. ರೆಕ್ಕೆಗೂ ಎಂಜಿನ್‌ಗೂ ತಾವು ಹಾಸನದಲ್ಲಿದ್ದೇವೆ ಎಂದು ಗೊತ್ತಿಲ್ಲ, 6,000 ಅಡಿಯ ತೆಳು ಗಾಳಿಯಷ್ಟೇ ಗೊತ್ತು.

ಇದರಿಂದ ಎರಡು ಪರಿಣಾಮ. ಒಂದು, ವೇಗಮಾಪಕ 65 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ತೋರಿಸುವಾಗ ವಿಮಾನ ಗಾಳಿಯಲ್ಲಿ ನಿಜಕ್ಕೂ 71 ನಾಟ್‌ನಲ್ಲಿ ಸಾಗುತ್ತಿರುತ್ತದೆ. ಎರಡು, ಸಮುದ್ರಮಟ್ಟದಲ್ಲಿ 180 ಅಶ್ವಶಕ್ತಿ ಕೊಡುವ ಲೈಕಮಿಂಗ್ ಐಒ-360 ಎಂಜಿನ್ ಇಲ್ಲಿ ಹೆಚ್ಚೆಂದರೆ 145ರ ಹತ್ತಿರ ಕೊಡುತ್ತದೆ. ಪ್ರೊಪೆಲರ್‌ನ ಕೋನ ಬದಲಾಗುವಂಥದ್ದಲ್ಲವಾದ್ದರಿಂದ ಕಡಿಮೆ ವೇಗದಲ್ಲಿ ಎಂಜಿನ್ ಪೂರ್ತಿ 2,700 ಆರ್‌ಪಿಎಂ ತಲುಪುವುದೇ ಇಲ್ಲ. ಹಾಗಾಗಿ ಕೈಗೆ ಸಿಗುವ ಶಕ್ತಿ ಅದಕ್ಕಿಂತಲೂ ಕಡಿಮೆ.

ಗಾಳಿ ಹೆಚ್ಚುಕಡಿಮೆ ಎದುರಿನಿಂದ 8 ನಾಟ್, ಬೀಸು ಬಂದಾಗ 14. ಫೈನಲ್ ಹಾದಿಯಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ದಾರಿಯಲ್ಲಿ, ಮೊದಲು ಒಂದು ಕೆರೆ, ಆಮೇಲೆ ಉತ್ತಿಟ್ಟ ಕೆಂಪು ಹೊಲ. ಏಪ್ರಿಲ್ ಮಧ್ಯಾಹ್ನ ಇಂಥ ಹಾದಿಯಲ್ಲಿ ಕೆರೆಯ ಮೇಲೆ ವಿಮಾನ ಕುಸಿದಂತಾಗುತ್ತದೆ, ಹೊಲದ ಮೇಲೆ ಯಾರೋ ಕೆಳಗಿನಿಂದ ಎತ್ತಿದಂತಾಗುತ್ತದೆ. ಬೆಳಿಗ್ಗೆ ಏಳಕ್ಕೆ ಇದೇ ಹಾದಿ ತಣ್ಣಗೆ ಮಲಗಿರುತ್ತದೆ. ಸೋಲೋ ವಿದ್ಯಾರ್ಥಿಯ ಸರದಿಯನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ತಳ್ಳಿದಾಗ ಗಡಿಯಾರದ ಜೊತೆ ಪಾಠವೂ ಬದಲಾಗುತ್ತದೆ. ಇಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾಲ್ಕನೇ ಸರ್ಕ್ಯೂಟ್

ಸರ್ಕ್ಯೂಟ್ ಎಂದರೆ ಏರಿ, ರನ್‌ವೇ ಸುತ್ತಿ ಬಂದು ಇಳಿಯುವ ಒಂದು ಸುತ್ತು. ಮೊದಲ ಮೂರು ಸರ್ಕ್ಯೂಟ್ ನೆಟ್ಟಗೆ ಇಳಿದಿವೆ, ಆದರೆ ಪ್ರತಿ ಬಾರಿಯೂ ನೆಲದ ಮೇಲೆ ತೇಲಿಕೊಂಡು ಹೋಗಿ ತಡವಾಗಿ ಇಳಿದಿವೆ. ಹಾರಾಟದ ಅಂಕಿಗಳನ್ನು ದಾಖಲಿಸುವ ಜಿ1000 ಪ್ಯಾನೆಲ್‌ನ ಎಸ್‌ಡಿ ಕಾರ್ಡಿನಲ್ಲಿ ಥ್ರೆಶೋಲ್ಡ್ (ರನ್‌ವೇಯ ಆರಂಭದ ಅಂಚು) ದಾಟಿದ ವೇಗ ಕ್ರಮವಾಗಿ 69, 71, 73 ನಾಟ್. ಏರುತ್ತಲೇ ಇದೆ. ಬೀಸುಗಾಳಿ ಕಂಡು ವಿದ್ಯಾರ್ಥಿನಿ ಪ್ರತಿ ಸಲ ಸ್ವಲ್ಪ ಸ್ವಲ್ಪ ವೇಗ ಕೂಡಿಸಿಕೊಂಡಿದ್ದಾಳೆ. ಬೀಸಿಗೆ ವೇಗ ಕೂಡಿಸುವುದು ಸರಿಯೇ, ಆದರೆ ಅದಕ್ಕೆ ಅಳತೆಯಿದೆ: ಸಾಧಾರಣ ಗಾಳಿಗೂ ಬೀಸಿಗೂ ಇರುವ ಅಂತರದ ಅರ್ಧ. 14ರಿಂದ 8 ಕಳೆದರೆ 6, ಅದರ ಅರ್ಧ 3. ಫೈನಲ್‌ನಲ್ಲಿ 65ರ ಬದಲು 68 ಹಿಡಿದು, ಥ್ರೆಶೋಲ್ಡ್ ಮೇಲೆ 64ಕ್ಕೆ ಇಳಿಸಿದ್ದರೆ ಸಾಕಿತ್ತು.

ನಾಲ್ಕನೆಯದರಲ್ಲಿ ಬೇಸ್‌ನಿಂದ, ಅಂದರೆ ರನ್‌ವೇಗೆ ಅಡ್ಡಲಾಗಿ ಸಾಗುವ ದಾರಿಯಿಂದ, ಫೈನಲ್‌ಗೆ ತಿರುಗಿದಾಗ ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಪಟ್ಟಿ) ಪೂರ್ತಿ 30 ಡಿಗ್ರಿ ಇಳಿಸಿ, ಎಂಜಿನ್ ಶಕ್ತಿಯ ಹಿಡಿಕೆಯಾದ ಥ್ರಾಟಲ್ ಅನ್ನು ಪೂರ್ತಿ ಹಿಂದೆಳೆದು, ಮೂಗು ಕೆಳಗೆ ಮಾಡಿದಳು. ಎತ್ತರ ಕರಗಿತು, ಕರಗಿದ್ದೆಲ್ಲ ವೇಗವಾಯಿತು. ಒಂದು ಹಂತದಲ್ಲಿ 82 ನಾಟ್. ಆ ಫ್ಲ್ಯಾಪ್‌ಗೆ ಮಿತಿ 85. ಥ್ರೆಶೋಲ್ಡ್ ದಾಟುವಾಗ 76.

64ಕ್ಕೂ 76ಕ್ಕೂ ನಡುವೆ ಬರೀ 12 ನಾಟ್ ಅನ್ನಿಸುತ್ತದೆ. ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಅದು ಶೇ. 40ರಷ್ಟು ಹೆಚ್ಚುವರಿ ಶಕ್ತಿ. ಆ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ನೆಲಕ್ಕೆ ರೆಕ್ಕೆಯಗಲಕ್ಕಿಂತ ಹತ್ತಿರ ಬಂದಾಗ, ಅಂದರೆ ಈ ವಿಮಾನಕ್ಕೆ 11 ಮೀಟರ್‌ಗಿಂತ ಕೆಳಗೆ, ಗಾಳಿಯ ಎಳೆತ ಕಡಿಮೆಯಾಗಿ ವಿಮಾನ ಇನ್ನಷ್ಟು ಜಾರುಗಾಲಿನದಾಗುತ್ತದೆ. ಒರಟು ಲೆಕ್ಕದಲ್ಲಿ ಆ 12 ನಾಟ್ ಕರಗಲು 5ರಿಂದ 6 ಸೆಕೆಂಡು ಬೇಕು. ಅಷ್ಟರಲ್ಲಿ ಕಾಲಡಿಯಿಂದ 200 ಮೀಟರ್ ರನ್‌ವೇ ಹಿಂದಕ್ಕೆ ಹೋಗಿರುತ್ತದೆ.

ರನ್‌ವೇ 1,200 ಮೀಟರ್. ಮೊದಲ ಮೂರನೇ ಒಂದು ಭಾಗದೊಳಗೆ ಚಕ್ರ ತಾಗದಿದ್ದರೆ ಮತ್ತೆ ಮೇಲೇಳಬೇಕು ಎಂಬುದು ಶಾಲೆಯ ಲಿಖಿತ ನಿಯಮ. ಆ ಗುರುತು 400 ಮೀಟರ್‌ನಲ್ಲಿದೆ. ಅದನ್ನು ದಾಟಿದಾಗಲೂ ವಿಮಾನ ತೇಲುತ್ತಿತ್ತು. 560ರಲ್ಲಿ, ವೇಗ ಇನ್ನೂ 62 ಇರುವಾಗ, ಅವಳು ಯೋಕನ್ನು, ಅಂದರೆ ಮೂಗನ್ನು ಏರಿಸಿ ಇಳಿಸುವ ಹಿಡಿಕೆಯನ್ನು, ಮುಂದಕ್ಕೆ ಒತ್ತಿದಳು.

ಹಾರಲು ಮನಸ್ಸಿರುವ ವಿಮಾನವನ್ನು ನೆಲಕ್ಕೆ ಒತ್ತಿದರೆ ಮೊದಲು ತಾಗುವುದು ಮುಂದಿನ ಚಕ್ರ, ಅಂದರೆ ನೋಸ್ ವೀಲ್. ರನ್‌ವೇಯಲ್ಲಿ ಇದಕ್ಕೆ ಸಾಕ್ಷಿಯಿತ್ತು: 560ನೇ ಮೀಟರ್‌ನಲ್ಲಿ ನಡುಗೆರೆಯ ಮೇಲೆ ಒಂದೇ ಟೈರಿನ ಕಪ್ಪು ಒರಸು, ಇಕ್ಕೆಲದಲ್ಲಿ ಮುಖ್ಯ ಚಕ್ರಗಳ ಗುರುತೇ ಇಲ್ಲ.

ಪುಟಿತ ಬೆಳೆಯುವ ಬಗೆ

ವಿಮಾನದ ಗುರುತ್ವ ಕೇಂದ್ರ ನೋಸ್ ವೀಲಿನ ಹಿಂದಿದೆ. ಮುಂದಿನ ಚಕ್ರ ನೆಲಕ್ಕೆ ಬಡಿದಾಗ ಅದು ಮೂಗನ್ನು ಮೇಲಕ್ಕೆ ತಳ್ಳುತ್ತದೆ, ಹಿಂಭಾಗ ಇಳಿಯುತ್ತಲೇ ಇರುತ್ತದೆ. ಮೂಗು ಎದ್ದ ಕೂಡಲೇ ರೆಕ್ಕೆ ಗಾಳಿಗೆ ಒಡ್ಡುವ ಕೋನ ಹೆಚ್ಚುತ್ತದೆ. ಎತ್ತುವ ಬಲ ಸಾಕಷ್ಟಿದೆ, ಏಕೆಂದರೆ ವೇಗ ಇನ್ನೂ 62. ವಿಮಾನ ಮತ್ತೆ ಗಾಳಿಗೆ ಏರುತ್ತದೆ. ಮೊದಲ ಪುಟಿತ ಸುಮಾರು ಮೂರು ಅಡಿ.

ಮೂಗು ಆಕಾಶ ನೋಡುತ್ತಿದೆ ಎಂದು ಕಂಡ ವಿದ್ಯಾರ್ಥಿ ಸಹಜವಾಗಿ ಮುಂದಕ್ಕೆ ಒತ್ತುತ್ತಾಳೆ. ಕಣ್ಣು ಕಂಡು, ಕೈ ಒತ್ತಿ, ವಿಮಾನ ಮಾತು ಕೇಳುವ ಹೊತ್ತಿಗೆ ಹತ್ತಿರಹತ್ತಿರ ಒಂದು ಸೆಕೆಂಡು ಹೋಗಿರುತ್ತದೆ. ಪುಟಿತದ ಪೂರ್ತಿ ಸುತ್ತೇ ಎರಡು, ಎರಡೂವರೆ ಸೆಕೆಂಡಿನದು. ಹಾಗಾಗಿ ಮೂಗು ತಾನಾಗಿಯೇ ಕೆಳಗೆ ಬರುತ್ತಿರುವ ಕ್ಷಣಕ್ಕೆ ಸರಿಯಾಗಿ ಅವಳ ಒತ್ತು ಬಂದು ಸೇರುತ್ತದೆ. ಎರಡನೇ ಬಡಿತ ಮೊದಲಿನದಕ್ಕಿಂತ ಜೋರು, ಪುಟಿತ ಆರೇಳು ಅಡಿ. ಜೋಕಾಲಿ ತೂಗುವವರು ಸರಿಯಾದ ಹೊತ್ತಿಗೆ ಒಂದೊಂದೇ ತಳ್ಳು ಕೊಟ್ಟು ಎತ್ತರಕ್ಕೆ ಒಯ್ಯುವುದು ಹೀಗೆಯೇ. ಇಲ್ಲಿ ಪೈಲಟ್ ತನಗರಿವಿಲ್ಲದೆ ತಳ್ಳುತ್ತಿರುತ್ತಾಳೆ.

ಮೂರನೇ ಸಲ ಮೂಗು ಕಡಿದಾಗಿ ಬಂತು. ನೋಸ್ ವೀಲನ್ನು ಹಿಡಿದಿರುವ ಫೋರ್ಕ್ ಮುರಿಯಿತು, ಪ್ರೊಪೆಲರ್ ನೆಲ ಕಡಿಯಿತು. ಮೊದಲ ತಾಗುವಿಕೆಯಿಂದ ಇಲ್ಲಿಗೆ ಐದಾರು ಸೆಕೆಂಡು, 140 ಮೀಟರ್. ಯೋಚಿಸಿ ತೀರ್ಮಾನಿಸಲು ಆ ಹೊತ್ತು ಸಾಲದು. ಮೊದಲೇ ಕೈಗೆ ಕೂತಿದ್ದ ಕ್ರಮವನ್ನು ಮಾಡಲು ಧಾರಾಳ ಸಾಕು.

ಗೀರುಗಳು ಹೇಳಿದ್ದು

ಆ 82 ಸೆಂಟಿಮೀಟರ್ ಗೀರುಗಳತ್ತ ಮತ್ತೆ ಬರೋಣ. ಎಸ್‌ಡಿ ಕಾರ್ಡು ಸೆಕೆಂಡಿಗೊಂದು ಸಾಲು ಬರೆಯುತ್ತದೆ. ಎರಡು ಸೆಕೆಂಡಿನ ಪುಟಿತ ಅದರಲ್ಲಿ ಎರಡು ಮೂರು ಚುಕ್ಕೆ ಮಾತ್ರ. ನೆಲ ಇನ್ನೂ ಸ್ಪಷ್ಟವಾಗಿ ಬರೆದಿರುತ್ತದೆ. ಬಡಿತಕ್ಕೆ ಮೊದಲಿನ ಸಾಲಿನಲ್ಲಿ ಎಂಜಿನ್ 1,000 ಆರ್‌ಪಿಎಂ ಎಂದಿತ್ತು. ಪ್ರೊಪೆಲರ್‌ಗೆ ಎರಡು ಅಲಗು, ಹಾಗಾಗಿ ಸೆಕೆಂಡಿಗೆ 33 ಕಡಿತ. 33ನ್ನು 82 ಸೆಂಟಿಮೀಟರ್‌ನಿಂದ ಗುಣಿಸಿದರೆ ಸೆಕೆಂಡಿಗೆ 27 ಮೀಟರ್, 53 ನಾಟ್ ನೆಲವೇಗ. ಎದುರುಗಾಳಿಯ 8 ನಾಟ್ ಸೇರಿಸಿ ಸಾಂದ್ರತೆಗೆ ಸರಿಪಡಿಸಿದರೆ ವೇಗಮಾಪಕದಲ್ಲಿ 56. ಕಾರ್ಡಿನ ದಾಖಲೆಗೂ ಇದು ಹೊಂದುತ್ತದೆ.

ಮುಖ್ಯ ಸಂಗತಿ ಬೇರೆಯೇ ಇದೆ. ಅವಳು ಪೂರ್ತಿ ಥ್ರಾಟಲ್ ಕೊಟ್ಟಿದ್ದರೆ ಎಂಜಿನ್ 2,300ರ ಸುಮಾರಿಗೆ ಏರಿ, ಅದೇ ನೆಲವೇಗಕ್ಕೆ ಗೀರುಗಳು 36 ಸೆಂಟಿಮೀಟರ್‌ಗೊಂದರಂತೆ ಒತ್ತೊತ್ತಾಗಿ ಬೀಳುತ್ತಿದ್ದವು. ಅಲಗಿನ ತುದಿಗಳೂ ಮುಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಇಲ್ಲಿ ಎರಡೂ ಅಲಗು ಹಿಂದಕ್ಕೆ ಬಾಗಿವೆ, ಶಕ್ತಿಯಿಲ್ಲದೆ ತಿರುಗುತ್ತಿದ್ದ ಪ್ರೊಪೆಲರ್‌ನ ಲಕ್ಷಣ ಅದು. ಮೂರು ಬಡಿತದಲ್ಲಿ ಒಮ್ಮೆಯೂ ಥ್ರಾಟಲ್‌ಗೆ ಕೈ ಹೋಗಿಲ್ಲ.

ಚಕ್ರವೇ ಮೊದಲಿನಿಂದ ಸೋತಿತ್ತೇ ಎಂಬ ಪ್ರಶ್ನೆ ಸಹಜ. ಟೈರ್ ಅದೇ ಬೆಳಿಗ್ಗೆ ಬದಲಾಗಿತ್ತು. ಆ ಕೆಲಸದ ಕಾಗದದಲ್ಲಿ ನೋಸ್ ಟೈರಿನ ಗಾಳಿ 45 ಪಿಎಸ್‌ಐ, ಆಘಾತ ಹೀರುವ ಸ್ಟ್ರಟ್‌ನ ಎಣ್ಣೆ ಸರಿಯಿದೆ, ಚಕ್ರದ ನಡುಕ ತಡೆಯುವ ಶಿಮ್ಮಿ ಡ್ಯಾಂಪರ್ ಬಿಗಿಯಿದೆ ಎಂದು ನಮೂದಾಗಿದೆ. ಫೋರ್ಕ್‌ನ ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಇಡೀ ಮುಖ ಹೊಸದಾಗಿ, ಒರಟು ಹರಳಿನಂತೆ ಇತ್ತು. ಲೋಹ ದಣಿದು ದಿನದಿಂದ ದಿನಕ್ಕೆ ಬಿರುಕು ಬೆಳೆದಿದ್ದರೆ ಕೆರೆ ದಂಡೆಯ ನೀರಿನ ಗುರುತಿನಂಥ ಸಾಲುಗಳು ಕಾಣಬೇಕಿತ್ತು. ಅವಿಲ್ಲ. ಒಂದೇ ಏಟಿಗೆ ತಡೆಯಲಾರದ ಹೊರೆ ಬಿದ್ದು ಮುರಿದದ್ದು.

ಹಿಂದಿನ ದಿನದ ಗೋ ಅರೌಂಡ್

ಇಷ್ಟಕ್ಕೇ ನಿಲ್ಲಿಸಿದರೆ ವರದಿಯಲ್ಲಿ "ವೇಗ ಹೆಚ್ಚಿತ್ತು, ಪುಟಿತವನ್ನು ತಪ್ಪಾಗಿ ನಿಭಾಯಿಸಲಾಯಿತು" ಎಂದು ಬರೆದು ಕಡತ ಮುಚ್ಚಬಹುದು. ಹೆಚ್ಚಿನ ಕಡತಗಳು ಹಾಗೇ ಮುಚ್ಚುತ್ತವೆ. ಆದರೆ 400 ಮೀಟರ್ ಗುರುತು ದಾಟಿದಾಗ, ಮತ್ತೆ ಮೊದಲ ಪುಟಿತದಲ್ಲಿ, ನಿಯಮ ಗೊತ್ತಿದ್ದ ವಿದ್ಯಾರ್ಥಿನಿ ಯಾಕೆ ಥ್ರಾಟಲ್ ಮುಟ್ಟಲಿಲ್ಲ? ಆ ಮಾತು ಹೊರಬಂದದ್ದು ಬೋಧಕರು ಕೂರಿಸಿ ಕೇಳಿದಾಗ.

"ಮೊದಲನೇ ಸಲ ಎಗರಿದಾಗ ಏನನ್ನಿಸ್ತಮ್ಮ?"

"ಹೇಗಾದ್ರೂ ಇಳಿಸಿಬಿಡೋಣ ಅನ್ನಿಸ್ತು ಸಾರ್."

"ಪವರ್ ಕೊಟ್ಟು ಎದ್ದೋಗಬಹುದಿತ್ತಲ್ಲ?"

"ನಿನ್ನೆ ನೀವಿದ್ದಾಗ್ಲೇ ಎದ್ದಿರ್ಲಿಲ್ಲವಲ್ಲ ಸಾರ್. ಒಬ್ಳೇ ಇದ್ದಾಗ ಎದ್ದೀತು ಅಂತ ಧೈರ್ಯ ಬರ್ಲಿಲ್ಲ."

ಹಿಂದಿನ ದಿನದ ಕಾರ್ಡು ತೆಗೆದು ನೋಡಿದರೆ ಎಲ್ಲ ಇದೆ. ಬೋಧಕರ ಜೊತೆಗಿನ ಹಾರಾಟದಲ್ಲಿ ಒಂದು ಗೋ ಅರೌಂಡ್ ನಡೆದಿದೆ. ಪೂರ್ತಿ ಥ್ರಾಟಲ್ ಕೊಟ್ಟಿದ್ದಾರೆ, ಆದರೆ ಫ್ಲ್ಯಾಪ್ ಹನ್ನೊಂದು ಸೆಕೆಂಡು 30 ಡಿಗ್ರಿಯಲ್ಲೇ ಉಳಿದಿದೆ. ಮಿಕ್ಸ್ಚರ್ (ಇಂಧನ, ಗಾಳಿಯ ಮಿಶ್ರಣ) ಪೂರ್ತಿ ರಿಚ್, ಅಂದರೆ ಇಂಧನ ಹೆಚ್ಚು. ಆ ಹನ್ನೊಂದು ಸೆಕೆಂಡು ವಿಮಾನ ನಿಮಿಷಕ್ಕೆ 100 ಅಡಿಯ ದರದಲ್ಲೂ ಏರಿಲ್ಲ. ಸ್ಟಾಲ್ ಎಚ್ಚರಿಕೆಯ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳಲಿದೆ ಎಂದು ಎಚ್ಚರಿಸುವ, ಹಾರ್ನ್ ಕೂಗಿದೆ. ಬೋಧಕರು ಹಿಡಿತ ತೆಗೆದುಕೊಂಡು ಫ್ಲ್ಯಾಪ್ ಎತ್ತಿ ಸರಿಮಾಡಿದ್ದಾರೆ. ಇಳಿದ ಮೇಲಿನ ಮಾತುಕತೆ ಪೂರ್ತಿ ಫ್ಲೇರ್ (ನೆಲ ತಾಗುವ ಮುನ್ನ ಮೂಗನ್ನು ಮೆಲ್ಲಗೆ ಎತ್ತುವುದು) ಬಗ್ಗೆ ನಡೆದಿದೆ, ಆ ಗೋ ಅರೌಂಡ್ ಯಾಕೆ ತೆವಳಿತು ಎಂಬ ಬಗ್ಗೆ ಒಂದು ಮಾತೂ ಇಲ್ಲ. ತರಬೇತಿ ಪುಸ್ತಕದಲ್ಲಿ ಅಲ್ಲಿಯವರೆಗೆ 41 ಲ್ಯಾಂಡಿಂಗ್, 2 ಗೋ ಅರೌಂಡ್.

ವಿದ್ಯಾರ್ಥಿನಿ ಅದರಿಂದ ಒಂದು ಪಾಠ ಕಲಿತಳು: ಫುಲ್ ಫ್ಲ್ಯಾಪ್‌ನಲ್ಲಿ ಈ ವಿಮಾನ ಏಳುವುದಿಲ್ಲ. ಅವಳು ಕಂಡಷ್ಟರ ಮಟ್ಟಿಗೆ ಅದು ನಿಜವೂ ಹೌದು. ಯಾಕೆ ಎಂದು ಯಾರೂ ಹೇಳಲಿಲ್ಲ. ಮರುದಿನ ರನ್‌ವೇ ಕರಗುತ್ತಿರುವಾಗ ಅವಳ ಮುಂದೆ ಎರಡು ದಾರಿ ಇದ್ದವು, ಒಂದು ಮುಚ್ಚಿದೆ ಎಂದು ಅವಳು ಆಗಲೇ ನಂಬಿದ್ದಳು. ಈ ಪ್ರಕರಣದ ಮೂಲ ಇಲ್ಲಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೆಚ್ಚಿನ ವೇಗ ಆಮೇಲಿನ ಮಾತು.

ಅಂದಹಾಗೆ, ಹೇಗಾದರೂ ಇಳಿಸುವ ಆತುರವೂ ಬೇಕಿರಲಿಲ್ಲ. 560ರಲ್ಲಿ ಅವಳ ಮುಂದೆ ಇನ್ನೂ 640 ಮೀಟರ್ ಇತ್ತು. ಆ ಹವೆಯಲ್ಲೂ 172ಎಸ್ ಗಟ್ಟಿ ಬ್ರೇಕಿನಲ್ಲಿ 220 ಮೀಟರ್ ಆಸುಪಾಸಿನ ಓಟಕ್ಕೆ ನಿಲ್ಲುತ್ತದೆ. ಯೋಕನ್ನು ಮುಟ್ಟದೆ ಇನ್ನು ಐದು ಸೆಕೆಂಡು ತೇಲಲು ಬಿಟ್ಟಿದ್ದರೂ ಮುಖ್ಯ ಚಕ್ರಗಳ ಮೇಲೆ ತಾನಾಗಿ ಕೂರುತ್ತಿತ್ತು. ತೆಳು ಗಾಳಿಯಲ್ಲಿ ನೆಲ ಕಣ್ಣಿಗೆ ಹೆಚ್ಚು ಜೋರಾಗಿ ಓಡುತ್ತದೆ, ಉಳಿದ ರನ್‌ವೇ ಇರುವುದಕ್ಕಿಂತ ಗಿಡ್ಡ ಕಾಣುತ್ತದೆ. ನಿಯಮದ ಪ್ರಕಾರ ಅವಳು ಎದ್ದು ಹೋಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒತ್ತುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಏಳುವ ಕ್ರಮ

ಪುಟಿತ ಒಂದೆರಡು ಅಡಿಯದಾದರೆ ಲ್ಯಾಂಡಿಂಗ್ ಭಂಗಿಯನ್ನು ಹಾಗೇ ಹಿಡಿದು, ಚೂರು ಪವರ್ ಕೊಟ್ಟು, ಮತ್ತೆ ಕೂರಲು ಬಿಡಬಹುದು. ಅದಕ್ಕಿಂತ ಎತ್ತರ ಎಗರಿದರೆ, ಅಥವಾ ನೋಸ್ ವೀಲ್ ಮೊದಲು ತಾಗಿತು ಅನ್ನಿಸಿದರೆ, ಎರಡನೆಯ ಯೋಚನೆ ಬೇಡ: ಥ್ರಾಟಲ್ ಪೂರ್ತಿ ಮುಂದೆ. ಕೂಡಲೇ ಮೂಗು ಮೇಲಕ್ಕೂ ಎಡಕ್ಕೂ ಎಳೆಯುತ್ತದೆ. ಯೋಕಿನ ಒತ್ತಡ ಹಗುರಮಾಡುವ ಟ್ರಿಮ್ ಅನ್ನು ಇಳಿಯುವ ವೇಗಕ್ಕೆ ಹೊಂದಿಸಿರುವುದರಿಂದ ಮೇಲಿನ ಎಳೆತ ಹೊಸಬರು ಎಣಿಸಿದ್ದಕ್ಕಿಂತ ಬಲವಾಗಿರುತ್ತದೆ. ಅಂಗೈ ಒತ್ತಿ ಮೂಗನ್ನು ತಡೆಯಬೇಕು, ಬಲ ರಡರ್ ತುಳಿಯಬೇಕು. ಆಮೇಲೆ ಫ್ಲ್ಯಾಪ್ 30ರಿಂದ 20ಕ್ಕೆ, ತಡಮಾಡದೆ. ಆ ಕೊನೆಯ ಹತ್ತು ಡಿಗ್ರಿ ಎತ್ತುವ ಬಲಕ್ಕೆ ಕೊಡುವುದು ಅಲ್ಪ, ಎಳೆತಕ್ಕೆ ಸೇರಿಸುವುದು ಬಹಳ. ಹಿಂದಿನ ದಿನ ವಿಮಾನವನ್ನು ನೆಲಕ್ಕೆ ಕಟ್ಟಿಹಾಕಿದ್ದು ಅದೇ. 60 ನಾಟ್ ಹಿಡಿದು, ಏರುತ್ತಿದೆ ಎಂದು ಖಾತ್ರಿಯಾದ ಮೇಲೆ 10, ಮರಗಳು ದಾಟಿದ ಮೇಲೆ ಸೊನ್ನೆ. ಗಾಬರಿಯಲ್ಲಿ ಒಮ್ಮೆಗೇ ಸೊನ್ನೆಗೆ ಎತ್ತಿದರೆ ವಿಮಾನ ಕುಸಿಯುತ್ತದೆ, ನೆಲದ ಹತ್ತಿರ ಅದು ಬೇರೆಯದೇ ಅಪಘಾತ.

ಮಿಕ್ಸ್ಚರ್ ಬಗ್ಗೆ ಒಂದು ಮಾತು. 3,000 ಅಡಿಗಿಂತ ಎತ್ತರದಲ್ಲಿ ಹೊರಡುವಾಗ ಪೂರ್ತಿ ರಿಚ್ ಇಡದೆ, ಹೆಚ್ಚು ಆರ್‌ಪಿಎಂ ಸಿಗುವಷ್ಟು ಲೀನ್ ಮಾಡಿ, ಅಂದರೆ ಇಂಧನ ತಗ್ಗಿಸಿ, ಎನ್ನುತ್ತದೆ ಕೈಪಿಡಿ. ಹಾಸನ ಆ ಗೆರೆಯ ಮೇಲೆಯೇ ಇದೆ. ಹೊರಡುವಾಗ ಲೀನ್ ಮಾಡಿದವರೂ ಇಳಿಯುವ ಮುನ್ನ ಚೆಕ್‌ಲಿಸ್ಟ್ ಓದಿ ಅಭ್ಯಾಸಬಲದಿಂದ ಪೂರ್ತಿ ರಿಚ್‌ಗೆ ತಳ್ಳುತ್ತಾರೆ. ಗೋ ಅರೌಂಡ್ ಬಂದಾಗ ಎಂಜಿನ್ ಉಸಿರುಗಟ್ಟಿದಂತೆ ಏಳುತ್ತದೆ. ಫ್ಲ್ಯಾಪ್‌ನ ಎಳೆತಕ್ಕೆ ಹೋಲಿಸಿದರೆ ಈ ನಷ್ಟ ಚಿಕ್ಕದು. ಆದರೆ ಶಕ್ತಿ ಮೊದಲೇ ಕೊರತೆಯಿರುವ ಕಡೆ ಚಿಕ್ಕದನ್ನೂ ಬಿಡಬಾರದು.

ನಿಂತ ಮೇಲೆ

ವಿಮಾನ ನಿಂತ ಕೂಡಲೇ ಅವಳು ಮಾಡಿದ್ದು ಸರಿಯಿತ್ತು: ಇಂಧನ ಶಟ್‌ಆಫ್ ಎಳೆದಳು, ಮಿಕ್ಸ್ಚರ್ ಕಟ್‌ಆಫ್, ಮ್ಯಾಗ್ನೆಟೋ ಆಫ್, ಮಾಸ್ಟರ್ ಆಫ್, ಇಳಿದು ಗಾಳಿ ಬರುವ ದಿಕ್ಕಿಗೆ ದೂರ ನಡೆದಳು. ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸುವುದು ಕಡ್ಡಾಯ. ಕುತ್ತಿಗೆ ನೋವು ಎಷ್ಟೋ ಸಲ ಮರುದಿನ ಕಾಣಿಸಿಕೊಳ್ಳುತ್ತದೆ.

ವಿಮಾನವನ್ನು ಎಳೆದು ರನ್‌ವೇ ತೆರವು ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಬರೀ ಪ್ರೊಪೆಲರ್, ಟೈರ್, ರೆಕ್ಕೆಯ ತುದಿ ಹಾಳಾಗಿದ್ದರೆ ನಿಯಮದ ಭಾಷೆಯಲ್ಲಿ ಅದು ಅಪಘಾತವಲ್ಲ. ಇಲ್ಲಿ ನೋಸ್ ವೀಲ್ ಕಿತ್ತು, ಅದು ಕೂರುವ ಫೈರ್‌ವಾಲ್‌ನ (ಎಂಜಿನ್‌ಗೂ ಒಳಕೋಣೆಗೂ ನಡುವಿನ ಲೋಹದ ಗೋಡೆ) ಕೆಳಭಾಗ ಮಡಚಿಕೊಂಡಿದೆ. ರಚನೆಯ ಬಲವೇ ಕುಂದಿದ್ದರಿಂದ ಇದು ಅಪಘಾತ. ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಜೊತೆಗೆ ವಿಮಾನ ಅಪಘಾತ ತನಿಖಾ ಬ್ಯೂರೋಗೂ ತಿಳಿಸಬೇಕು, ಅವರ ಅನುಮತಿಯಿಲ್ಲದೆ ವಿಮಾನ ಕದಲಿಸಬಾರದು. ಗೀರುಗಳ ಪಕ್ಕ ಅಳತೆ ಟೇಪು ಹಾಸಿ ಚಿತ್ರ ತೆಗೆಯಬೇಕು. ಏಪ್ರಿಲ್‌ನಲ್ಲಿ ಸಂಜೆ ಒಂದು ಮಳೆ ಬಿದ್ದರೆ ಟೈರಿನ ಒರಸು ಮಾಸುತ್ತದೆ.

ಎಂಜಿನ್ ನೋಡಲು ಚೆನ್ನಾಗಿಯೇ ಇತ್ತು. ಹೊಸ ಪ್ರೊಪೆಲರ್ ಹಾಕಿ ಓಡಿಸಿ ನೋಡೋಣ ಎನ್ನುವವರು ಇದ್ದೇ ಇರುತ್ತಾರೆ. ತಿರುಗುತ್ತಿದ್ದ ಪ್ರೊಪೆಲರ್ ನೆಲಕ್ಕೆ ಬಡಿದು ನಿಂತಾಗ ಆ ಆಘಾತ ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ತುದಿಯ ಗೇರು, ಅದರ ಬೋಲ್ಟು, ಡವೆಲ್ ಪಿನ್ನಿನವರೆಗೆ ಹೋಗುತ್ತದೆ. ಆ ಗೇರು ಬಿಟ್ಟರೆ ಎಂಜಿನ್ ಹಾರಾಟದ ನಡುವೆ ಪೂರ್ತಿ ನಿಲ್ಲುತ್ತದೆ. ಲೈಕಮಿಂಗ್‌ನ ಸರ್ವಿಸ್ ಬುಲೆಟಿನ್ 533 ಪ್ರೊಪೆಲರ್ ಬಡಿತದ ನಂತರ ಏನೇನು ಬಿಚ್ಚಿ ನೋಡಬೇಕೆಂದು ಹೇಳುತ್ತದೆ. ಅದನ್ನು ತಪ್ಪಿಸುವ ದಾರಿ ಹುಡುಕಬಾರದು.

ಮರಳಿ ಹಾರಿಸಿದ ಬಗೆ

ಬೋಧಕರೊಂದಿಗೆ ಮರುತರಬೇತಿ. ಮೊದಲ ದಿನ ರನ್‌ವೇ ಹತ್ತಿರ ಬರಲೇ ಇಲ್ಲ. ನೆಲದಿಂದ 3,000 ಅಡಿ ಮೇಲೆ, ಫ್ಲ್ಯಾಪ್ 30, ವೇಗ 60, ಥ್ರಾಟಲ್ ಹಿಂದೆ. ಅಲ್ಲಿಂದ ಪೂರ್ತಿ ಪವರ್ ಕೊಟ್ಟು ಒಮ್ಮೆ ಫ್ಲ್ಯಾಪ್ ಬೇಕೆಂದೇ 30ರಲ್ಲಿ ಬಿಟ್ಟು, ಒಮ್ಮೆ 20ಕ್ಕೆ ಎತ್ತಿ, ಎರಡರ ಏರಿಕೆಯನ್ನೂ ಅವಳ ಕೈಯಲ್ಲೇ ಬರೆಸಲಾಯಿತು. ಎರಡನೇ ದಿನ ಬೆಳಿಗ್ಗೆ ಆರು ಅಪ್ರೋಚ್, ಆರೂ ಗೋ ಅರೌಂಡ್: ಎರಡು 200 ಅಡಿಯಿಂದ, ಎರಡು 50 ಅಡಿಯಿಂದ, ಎರಡು ಫ್ಲೇರ್‌ನಿಂದ. ಒಂದೂ ಇಳಿಯಲಿಲ್ಲ. ಥ್ರೆಶೋಲ್ಡ್ ಮೇಲೆ 70 ನಾಟ್ ದಾಟಿದ್ದರೆ ಯಾರೂ ಹೇಳದೆ ತಾನೇ ಏಳಬೇಕು ಎಂದು ಗೊತ್ತುಮಾಡಲಾಯಿತು.

ಮೂರನೇ ದಿನ, ಅದೇ ಮಧ್ಯಾಹ್ನದ ಹೊತ್ತು, ಅದೇ ಕೆರೆ ದಾಟಿ ಹೊಲ. ನಾಲ್ಕು ಅಪ್ರೋಚ್‌ಗಳಲ್ಲಿ ಎರಡನ್ನು ಅವಳೇ ಬಿಟ್ಟು ಎದ್ದಳು, ಒಂದು ವೇಗಕ್ಕೆ, ಒಂದು ತೇಲಿದ್ದಕ್ಕೆ. ಐದನೆಯದರಲ್ಲಿ ಥ್ರೆಶೋಲ್ಡ್ ಮೇಲೆ 64 ಇತ್ತು. ಮುಖ್ಯ ಚಕ್ರಗಳು 340ನೇ ಮೀಟರ್‌ನಲ್ಲಿ ತಾಗಿದವು, ನೋಸ್ ವೀಲ್ ಮೂರು ಸೆಕೆಂಡು ಕಳೆದು ಇಳಿಯಿತು.